ಅಮೆರಿಕಕ್ಕೆ ಹೋಗಿ ಅಮೆರಿಕವನ್ನೇ ಓದೋದು ಹೇಗೆ? ಅಮೆರಿಕನ್ ಕಲ್ಚರಲ್ ಸ್ಟಡೀಸ್ ಡಿಗ್ರಿಗೆ ಒಂದು ಯೋಜನೆ

"ಅಮೆರಿಕಕ್ಕೆ ಹೋಗಿ ಅಮೆರಿಕವನ್ನೇ ಓದೋದಾ? ಅದರಲ್ಲಿ ಓದೋಕೆ ಏನಿದೆ?" ಪಿಯುಸಿ ಮುಗಿಸಿದ ಮಗಳು ಅಮೆರಿಕನ್ ಕಲ್ಚರಲ್ ಸ್ಟಡೀಸ್ ಓದ್ತೀನಿ ಅಂದರೆ ಮನೆಯಲ್ಲಿ ಬರುವ ಮೊದಲ ಮಾತು ಇದೇ. ಸಿಯಾಟಲ್‌ನಲ್ಲೋ ಸ್ಯಾನ್ ಹೊಸೆಯಲ್ಲೋ ಹುಟ್ಟಿ ಬೆಳೆದ ಕನ್ನಡದ ಮಕ್ಕಳ ಮನೆಯಲ್ಲೂ ಇದೇ ಮಾತು ಬೇರೆ ಧಾಟಿಯಲ್ಲಿ ಬರುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ವರ್ಷದ ಓದು, ಕೈಬಿಟ್ಟು ಹೋಗುವ ದುಡ್ಡೂ ಕಡಿಮೆಯಲ್ಲ. ಅದಕ್ಕೇ ಈ ಡಿಗ್ರಿಯಲ್ಲಿ ಏನು ಓದುತ್ತಾರೆ, ಅದನ್ನು ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಡಿಗ್ರಿಯನ್ನು ಕೋರ್ಸುಗಳ ಪಟ್ಟಿ ಹಿಡಿದು ಯೋಜಿಸಬೇಡಿ. ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಹಿಡಿದು ಯೋಜಿಸಿ. ಕಂಪ್ಯೂಟರ್ ಸೈನ್ಸ್‌ನಲ್ಲಿ ಯಾವುದರ ನಂತರ ಯಾವುದು ಅಂತ ವಿಷಯವೇ ಹೇಳುತ್ತದೆ. ಇಲ್ಲಿ ಹಾಗಿಲ್ಲ. ಪ್ರಶ್ನೆ ಇಲ್ಲದಿದ್ದರೆ ಸಿನಿಮಾ ಮೇಲೆ ಒಂದು ಕೋರ್ಸು, ಜಾಝ್ ಮೇಲೆ ಒಂದು, ವಲಸೆಯ ಮೇಲೆ ಇನ್ನೊಂದು ಅಂತ ಸೇರಿಸುತ್ತಾ ಹೋಗಿ, ಕೊನೆಗೆ ಒಂದಕ್ಕೊಂದು ಸಂಬಂಧ ಇಲ್ಲದ ಹನ್ನೆರಡು ಕೋರ್ಸು ಕೈಯಲ್ಲಿ ಉಳಿಯುತ್ತವೆ.

ಇದರಲ್ಲಿ ಓದುವುದು ಏನನ್ನು?

ಅಮೆರಿಕದ ಇತಿಹಾಸ, ಸಾಹಿತ್ಯ, ಕಾನೂನು, ಸಂಗೀತ, ಸಿನಿಮಾ, ಧರ್ಮ, ನಗರ, ವಲಸೆ ಎಲ್ಲವೂ ಇದರಲ್ಲಿ ಬರುತ್ತವೆ. ಆದರೆ ಎಲ್ಲದರಿಂದ ಚೂರುಚೂರು ತೆಗೆದು ಓದುವುದಲ್ಲ. ಒಂದೇ ಸಂಗತಿಯನ್ನು ಇಷ್ಟೂ ಕಡೆಯಿಂದ ನೋಡುವುದು ಇಲ್ಲಿಯ ಕೆಲಸ.

ಹಿಪ್‌ಹಾಪ್ ತೆಗೆದುಕೊಳ್ಳಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಅನ್ನುವ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಒಂದು ಪಾರ್ಟಿ ನಡೆಯಿತು. ಅಲ್ಲಿ ರೆಕಾರ್ಡ್ ಹಾಕಿದವನು ಜಮೈಕಾದಿಂದ ಬಂದಿದ್ದ ಹುಡುಗ, ಡಿಜೆ ಕೂಲ್ ಹರ್ಕ್. ಹಿಪ್‌ಹಾಪ್ ಹುಟ್ಟಿದ್ದು ಅಲ್ಲೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸಂಗೀತದ ವಿದ್ಯಾರ್ಥಿ ತಾಳ ಕೇಳಿ ಅಲ್ಲಿಗೇ ನಿಲ್ಲಬಹುದು. ಈ ಡಿಗ್ರಿಯ ವಿದ್ಯಾರ್ಥಿ ನಿಲ್ಲುವ ಹಾಗಿಲ್ಲ. ಜಮೈಕಾದ ಕುಟುಂಬಗಳು ನ್ಯೂಯಾರ್ಕಿಗೆ ಯಾಕೆ ಬಂದವು? ನ್ಯೂಯಾರ್ಕಿನ ರಸ್ತೆ, ಸೇತುವೆಗಳನ್ನು ಯೋಜಿಸಿದ ಅಧಿಕಾರಿ ರಾಬರ್ಟ್ ಮೋಸೆಸ್ ಬ್ರಾಂಕ್ಸ್‌ನ ಮಧ್ಯದಲ್ಲೇ ಹೆದ್ದಾರಿ ಹಾಯಿಸಿದಾಗ ಯಾರ ಮನೆಗಳು ಹೋದವು? 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಮನೆಸಾಲಕ್ಕಾಗಿ ಮಾಡಿದ ನಕ್ಷೆಗಳಲ್ಲಿ ಸಾಲ ಕೊಟ್ಟರೆ ಅಪಾಯ ಅನ್ನುವ ಕೆಂಪು ಬಣ್ಣ ಯಾವ ಬೀದಿಗಳಿಗೆ ಬಿತ್ತು? ಒಂದು ಪಾರ್ಟಿಯನ್ನು ಅರ್ಥ ಮಾಡಿಕೊಳ್ಳಲು ವಲಸೆ ಕಾನೂನು, ನಗರ ಯೋಜನೆ, ಬ್ಯಾಂಕಿನ ಸಾಲ ಎಲ್ಲವನ್ನೂ ನೋಡಬೇಕಾಗುತ್ತದೆ.

ಈ ವಿಭಾಗ ಎಲ್ಲಿಂದ ಬಂತು ಅಂತ ತಿಳಿದಿದ್ದರೆ ಕಾಲೇಜು ಆರಿಸುವಾಗ ಉಪಯೋಗಕ್ಕೆ ಬರುತ್ತದೆ. 1930ರ ದಶಕದಲ್ಲಿ ಹಾರ್ವರ್ಡ್‌ನಂಥ ಕಡೆ ಸಾಹಿತ್ಯದವರೂ ಇತಿಹಾಸದವರೂ ಸೇರಿ 'ಅಮೆರಿಕನ್ ನಾಗರಿಕತೆ' ಅಂತ ಓದಿಸಲು ಶುರು ಮಾಡಿದರು. 1949ರಲ್ಲಿ 'ಅಮೆರಿಕನ್ ಕ್ವಾರ್ಟರ್ಲಿ' ಪತ್ರಿಕೆ ಬಂತು. 1951ರಲ್ಲಿ ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್ ಹುಟ್ಟಿತು. ಆಗಿನ ಪ್ರಶ್ನೆ, ಅಮೆರಿಕವನ್ನು ಅಮೆರಿಕ ಮಾಡಿದ್ದು ಯಾವುದು ಅಂತ. ಉತ್ತರ ಹುಡುಕುತ್ತಿದ್ದದ್ದು ಹೆಚ್ಚಾಗಿ ಬಿಳಿಯ ಲೇಖಕರ ದೊಡ್ಡ ಪುಸ್ತಕಗಳಲ್ಲಿ. ಶೀತಲ ಸಮರದ ಕಾಲ ಬೇರೆ. ತನ್ನ ಸಂಸ್ಕೃತಿಯನ್ನು ಹೊರದೇಶಗಳಿಗೆ ಪರಿಚಯಿಸುವ ಉತ್ಸಾಹ ಅಮೆರಿಕಕ್ಕೆ ಜೋರಾಗಿತ್ತು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ಕ್ಯಾಂಪಸ್ಸಿನಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಶುರುವಾದದ್ದು ಆ ಕಾಲದಲ್ಲೇ. ದೇಶದ ನಾನಾ ಕಡೆಯ ಅಧ್ಯಾಪಕರು ಅದರ ಲೈಬ್ರರಿಗೆ ಹೋಗಿ ಕೂತು ಓದುತ್ತಿದ್ದರು.

ಇನ್ನೊಂದು ಕವಲು ಬೀದಿಯಿಂದ ಬಂತು. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು, ಲ್ಯಾಟಿನೋ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಮ್ಮ ಜನರ ಚರಿತ್ರೆ ನಿಮ್ಮ ಸಿಲಬಸ್‌ನಲ್ಲಿ ಎಲ್ಲಿದೆ ಅನ್ನುವುದು ಅವರ ಪ್ರಶ್ನೆ. ಮುಷ್ಕರ ಸುಮಾರು ಐದು ತಿಂಗಳು ನಡೆದು, ಅಲ್ಲಿ ಎಥ್ನಿಕ್ ಸ್ಟಡೀಸ್ ಅನ್ನುವ ವಿಭಾಗವೇ ಹುಟ್ಟಿತು. ಇವತ್ತು ಕಲ್ಚರಲ್ ಸ್ಟಡೀಸ್ ಅನ್ನುವ ಕಡೆಯೆಲ್ಲ ಈ ಎರಡೂ ಕವಲುಗಳು ಕೂಡಿರುತ್ತವೆ. ಯಾವುದು ಜಾಸ್ತಿ, ಯಾವುದು ಕಡಿಮೆ ಅನ್ನುವುದು ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬೇರೆ.

ಹಾಗಾಗಿ ಬರೀ ಹೆಸರು ನೋಡಿ ಹುಡುಕಿದರೆ ಸಾಲದು. ಮಿಶಿಗನ್‌ನಲ್ಲಿ ಇದು 'ಅಮೆರಿಕನ್ ಕಲ್ಚರ್'. ಸೇಂಟ್ ಲೂಯಿಯ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ 'ಅಮೆರಿಕನ್ ಕಲ್ಚರ್ ಸ್ಟಡೀಸ್'. ಯೇಲ್‌ನಲ್ಲಿ 'ಅಮೆರಿಕನ್ ಸ್ಟಡೀಸ್'. ಬರ್ಕ್ಲಿಯಲ್ಲಿ ಅಮೆರಿಕನ್ ಸ್ಟಡೀಸ್ ಒಂದು ಕಡೆ, ಎಥ್ನಿಕ್ ಸ್ಟಡೀಸ್ ಇನ್ನೊಂದು ಕಡೆ. ಹಾರ್ವರ್ಡ್‌ನಲ್ಲಿ ಬಿ.ಎ. ಮಟ್ಟದಲ್ಲಿ ಇದಕ್ಕೆ ಹತ್ತಿರದ್ದು 'ಹಿಸ್ಟರಿ ಅಂಡ್ ಲಿಟರೇಚರ್'. ವೆಸ್ಟರ್ನ್ ವಾಷಿಂಗ್ಟನ್ ಯೂನಿವರ್ಸಿಟಿಯೊಳಗಿನ ಫೇರ್‌ಹೇವನ್ ಕಾಲೇಜು ಅಮೆರಿಕನ್ ಕಲ್ಚರಲ್ ಸ್ಟಡೀಸ್ ಅನ್ನುವ ಹೆಸರಿನಲ್ಲೇ ಡಿಗ್ರಿ ಕಟ್ಟಿದ ಕಾಲೇಜು. ಅಲ್ಲಿ ಎ, ಬಿ, ಸಿ ಗ್ರೇಡ್ ಬದಲು ಅಧ್ಯಾಪಕರು ವಿದ್ಯಾರ್ಥಿಯ ಕೆಲಸದ ಬಗ್ಗೆ ಬರೆದುಕೊಡುವ ಪದ್ಧತಿ ಇದೆ.

ನಾಲ್ಕು ವರ್ಷದ ಲೆಕ್ಕ

ನಮ್ಮಲ್ಲಿ ಬಿ.ಎ. ಸೇರುವಾಗಲೇ ಕಾಂಬಿನೇಷನ್ ಹೇಳಬೇಕು. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಅಂದರೆ ಎಚ್‌ಇಪಿ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಘೋಷಿಸಲು ಎರಡನೇ ವರ್ಷದ ಕೊನೆಯವರೆಗೂ ಸಮಯ ಇರುತ್ತದೆ. ಸೆಮಿಸ್ಟರ್ ಪದ್ಧತಿ ಇದ್ದರೆ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಕ್ವಾರ್ಟರ್ ಪದ್ಧತಿ ಇದ್ದರೆ 180. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳು: ಬರವಣಿಗೆ, ಗಣಿತ, ವಿಜ್ಞಾನ, ಒಂದು ಭಾಷೆ. ಮೇಜರ್‌ಗೆ ಹತ್ತರಿಂದ ಹನ್ನೆರಡು ಕೋರ್ಸು. ಉಳಿದದ್ದು ನಿಮ್ಮ ಇಷ್ಟ.

ಈ 'ನಿಮ್ಮ ಇಷ್ಟ' ಅನ್ನುವ ಜಾಗದಲ್ಲೇ ಡಿಗ್ರಿ ಗಟ್ಟಿಯಾಗುವುದು ಅಥವಾ ಸಡಿಲವಾಗುವುದು. ಒಂದು ಪ್ರಶ್ನೆಯಿಂದ ಪೂರ್ತಿ ಯೋಜನೆ ಹೇಗೆ ಹುಟ್ಟುತ್ತದೆ ಅಂತ ಈಗ ನೋಡೋಣ. ಪ್ರಶ್ನೆ ಇದು: ಭಾರತದಿಂದ ಹೋದವರನ್ನು ಅಮೆರಿಕ ಯಾವ ಕಾಲಕ್ಕೆ ಯಾರು ಅಂತ ಎಣಿಸಿತು?

ಫೇರ್‌ಹೇವನ್ ಇರುವ ಬೆಲಿಂಗ್‌ಹ್ಯಾಮ್ ಊರಿನಿಂದಲೇ ಶುರು ಮಾಡಬಹುದು. ಕೆನಡಾ ಗಡಿಗೆ ಹತ್ತಿರದ ಊರು, ಒಂದು ಕಾಲಕ್ಕೆ ಮರದ ಮಿಲ್ಲುಗಳ ಊರು. 1907ರ ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿಯರ ಗುಂಪು ಅಲ್ಲಿಯ ಭಾರತೀಯ ಕೂಲಿಗಳ ಮೇಲೆ ಬಿತ್ತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ವಸತಿಗಳಿಗೆ ನುಗ್ಗಿ, ಮಿಲ್ಲುಗಳಿಂದ ಎಳೆದು ತಂದರು. ಬಹಳ ಜನರನ್ನು ಸಿಟಿ ಹಾಲ್‌ನಲ್ಲಿ ಕೂಡಿಹಾಕಿದರು. ಕೆಲವೇ ದಿನಗಳಲ್ಲಿ ಆ ಊರಿನಲ್ಲಿ ಭಾರತೀಯರೇ ಇಲ್ಲದಂತಾಯಿತು. ಸಿಖ್ಖರಾದರೂ ಆಗಿನ ಪತ್ರಿಕೆಗಳು ಅವರನ್ನು ಕರೆದದ್ದು 'ಹಿಂದೂ'ಗಳು ಅಂತಲೇ. 2018ರಲ್ಲಿ ಆ ಊರಿನವರು ಹೀಗೆ ಹೊರದಬ್ಬಿಸಿಕೊಂಡ ಚೀನೀಯರು, ಭಾರತೀಯರು, ಜಪಾನೀಯರ ನೆನಪಿಗೆ ಕಲ್ಲಿನ ಕಮಾನೊಂದನ್ನು ನಿಲ್ಲಿಸಿದ್ದಾರೆ.

ಮೊದಲ ವರ್ಷ ಈ ಘಟನೆಯನ್ನು ಕಂಡ ವಿದ್ಯಾರ್ಥಿಗೆ ಏನು ಬೇಕು? ವಿಷಯದ ಪರಿಚಯ ಕೋರ್ಸು, 1865ರ ನಂತರದ ಅಮೆರಿಕ ಇತಿಹಾಸ, ಒಂದು ಬರವಣಿಗೆಯ ಕೋರ್ಸು. ಇಷ್ಟು ಸಾಕು. 1882ರ ಚೀನೀ ನಿಷೇಧ ಕಾಯಿದೆ ಗೊತ್ತಿಲ್ಲದೆ 1907 ಅರ್ಥವಾಗುವುದಿಲ್ಲ. ಆ ಸಿಟ್ಟು ಭಾರತೀಯರು ಬರುವ ಮೊದಲೇ ಅಲ್ಲಿ ಕುದಿಯುತ್ತಿತ್ತು. ಭಾಷೆಯ ಕೋರ್ಸನ್ನೂ ಇದೇ ವರ್ಷ ಹಿಡಿಯಿರಿ. ಈ ಪ್ರಶ್ನೆಗಾದರೆ ಸ್ಪ್ಯಾನಿಷ್ ಒಳ್ಳೆಯದು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನಿಂತ ಪಂಜಾಬಿ ಗಂಡಸರಲ್ಲಿ ಹಲವರು ಮದುವೆಯಾದದ್ದು ಮೆಕ್ಸಿಕೋ ಮೂಲದ ಹೆಂಗಸರನ್ನು.

ಎರಡನೇ ವರ್ಷ ಕಾನೂನಿಗೆ ಬರಬೇಕು. 1790ರ ಕಾಯಿದೆ ಪೌರತ್ವ ಕೊಟ್ಟದ್ದು 'ಸ್ವತಂತ್ರ ಬಿಳಿಯ'ರಿಗೆ ಮಾತ್ರ. 1870ರಲ್ಲಿ ಆಫ್ರಿಕನ್ ಮೂಲದವರನ್ನು ಸೇರಿಸಿದರು. ಮಧ್ಯದಲ್ಲಿದ್ದವರ ಗತಿ? ಜಪಾನಿನ ತಕಾವೊ ಒಜಾವಾ ತನ್ನ ಚರ್ಮ ಬಿಳಿಯೇ ಅಂತ ವಾದಿಸಿದ. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಬಿಳಿ ಅಂದರೆ ಚರ್ಮದ ಬಣ್ಣವಲ್ಲ, ಕಕೇಷಿಯನ್ ಜನಾಂಗ. ಮೂರೇ ತಿಂಗಳಿಗೆ ಭಗತ್ ಸಿಂಗ್ ಥಿಂಡ್ ಮೊಕದ್ದಮೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು ಅವನು. ಆಗಿನ ಜನಾಂಗ ಶಾಸ್ತ್ರದ ಪ್ರಕಾರ ಭಾರತೀಯರೂ ಕಕೇಷಿಯನ್ನರೇ, ಹಾಗಾದರೆ ನಾನೂ ಬಿಳಿಯ ಅಂದ. ಅದೇ ಕೋರ್ಟು, ತೀರ್ಪು ಬರೆದವರೂ ಅದೇ ನ್ಯಾಯಮೂರ್ತಿ ಸದರ್ಲೆಂಡ್. ಈ ಸಲ ಹೇಳಿದ್ದು: ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯ ಬಿಳಿಯ ಅಂತ ಯಾರನ್ನು ತಿಳಿಯುತ್ತಾನೋ ಅವನೇ ಬಿಳಿಯ.

ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಓದಿ. ಇಡೀ ಡಿಗ್ರಿ ಏನು ಕಲಿಸುತ್ತದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಪೌರತ್ವದ ಅಳತೆಗೋಲು ಮೂರು ತಿಂಗಳಲ್ಲಿ ಬದಲಾಯಿತು. ಬದಲಾದದ್ದು ಯಾರನ್ನು ಹೊರಗಿಡಬೇಕು ಅನ್ನುವುದಕ್ಕೆ ತಕ್ಕ ಹಾಗೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಥಿಂಡ್ ಕಡೆಯ ವಾದದಲ್ಲಿ ಜಾತಿಯೂ ಬರುತ್ತದೆ. ತಾನು ಮೇಲ್ಜಾತಿಯವನು, ಆರ್ಯ. ಬಿಳಿಯ ಅಮೆರಿಕನ್ನರು ಕಪ್ಪುಜನರ ಜೊತೆ ಮದುವೆ ಸಂಬಂಧ ಮಾಡದ ಹಾಗೆ ನಮ್ಮವರೂ ಭಾರತದ ಮೂಲನಿವಾಸಿಗಳ ಜೊತೆ ಮಾಡುವುದಿಲ್ಲ ಅನ್ನುವ ಧಾಟಿಯ ವಾದ. ಅನ್ಯಾಯಕ್ಕೆ ಒಳಗಾದವನು ಇನ್ನೊಂದು ಅನ್ಯಾಯವನ್ನು ತನ್ನ ಹಕ್ಕಿಗೆ ಆಧಾರ ಮಾಡಿಕೊಂಡ. ಭಾರತೀಯರ ಚರಿತ್ರೆ ಅಷ್ಟನ್ನೇ ಓದಿದವರಿಗೆ ಈ ವಾದದ ಪೂರ್ತಿ ತೂಕ ಗೊತ್ತಾಗುವುದೇ ಇಲ್ಲ. ಅದಕ್ಕೇ ಎರಡನೇ ವರ್ಷ ಆಫ್ರಿಕನ್ ಅಮೆರಿಕನ್ ಚರಿತ್ರೆ ಅಥವಾ ಸಾಹಿತ್ಯದ ಕೋರ್ಸು ಬೇಕೇ ಬೇಕು ಅನ್ನುತ್ತೇನೆ. ನಮ್ಮ ಮಕ್ಕಳು ಏಷ್ಯನ್ ಅಮೆರಿಕನ್ ಕೋರ್ಸುಗಳನ್ನಷ್ಟೇ ಸೇರಿಸಿಕೊಂಡು ಮುಗಿಸುವುದುಂಟು. ಅದು ನನಗೆ ಸರಿ ಕಾಣುವುದಿಲ್ಲ.

ಬೇರೆ ಥರ ನಡೆದುಕೊಂಡವರೂ ಇದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಬಿಳಿಯರ ಡಬ್ಬಿಯಿಂದ ಏಳಿ ಅಂತ ಟಿಕೆಟ್ ನೋಡುವವನು ಹೇಳಿದ. ಅವರು ಏಳಲಿಲ್ಲ. ಯಾವ ದೇಶದವರು ಅಂತ ತಿಳಿದ ಮೇಲೆ ಅವರನ್ನು ಬೇರೆಯಾಗಿ ನೋಡಲು ಅವನು ತಯಾರಿದ್ದ. ನಾನು ಬಣ್ಣದ ಹೆಂಗಸು, ಅಷ್ಟೇ, ಅಂತ ಹೇಳಿ ಕಮಲಾದೇವಿ ಆ ರಿಯಾಯಿತಿಯನ್ನೇ ಬೇಡವೆಂದರು. ಥಿಂಡ್ ಮೊಕದ್ದಮೆಯ ಪಕ್ಕದಲ್ಲಿ ಈ ಘಟನೆ ಇಟ್ಟರೆ ಒಂದು ಒಳ್ಳೆಯ ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ಆಯಿತು, ಅಲ್ವಾ?

ಮೂರನೇ ವರ್ಷ ಮೂಲ ದಾಖಲೆಗಳ ವರ್ಷ. 1920, 1930, 1940ರ ಜನಗಣತಿಗಳಲ್ಲಿ ಜನಾಂಗದ ಕಾಲಮಿನಲ್ಲಿ 'ಹಿಂದೂ' ಅನ್ನುವ ಆಯ್ಕೆ ಇತ್ತು. ಮುಸ್ಲಿಮರಾಗಲಿ ಸಿಖ್ಖರಾಗಲಿ ಭಾರತದಿಂದ ಬಂದವರಿಗೆಲ್ಲ ಅದೇ. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಅನ್ನುವ ಹೊಸ ಕಾಲಮು ಬಂತು. ಒಂದೇ ಕುಟುಂಬದ ಅಜ್ಜ, ಮಗ, ಮೊಮ್ಮಗಳು ಮೂರು ಬೇರೆ ಜನಾಂಗದವರಾಗಿ ದಾಖಲಾಗಲು ಸಾಧ್ಯವಿತ್ತು. ಈ ಬದಲಾವಣೆಗಳ ನಡುವೆ 1946ರ ಲೂಸ್-ಸೆಲ್ಲರ್ ಕಾಯಿದೆ ಇದೆ. ಅದು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದು, ವರ್ಷಕ್ಕೆ 100 ಜನರ ಕೋಟಾ ಇಟ್ಟಿತು. ಆಮೇಲೆ 1965ರ ವಲಸೆ ಕಾಯಿದೆ. ಇವತ್ತು ಅಮೆರಿಕದಲ್ಲಿರುವ ಕನ್ನಡ ಕೂಟಗಳ ಹಿಂದೆ ಈ 1965 ಇದೆ. ಅದು ಬರದಿದ್ದರೆ ನಮ್ಮ ಡಾಕ್ಟರು, ಇಂಜಿನಿಯರುಗಳು ಅಷ್ಟು ಸಂಖ್ಯೆಯಲ್ಲಿ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ನಾಲ್ಕನೇ ವರ್ಷ ಥೀಸಿಸ್ ಅಥವಾ ಅದಕ್ಕೆ ಸಮನಾದ ಒಂದು ದೊಡ್ಡ ಕೆಲಸ. ಇಷ್ಟು ಹಾದಿ ನಡೆದ ವಿದ್ಯಾರ್ಥಿ 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದ್ದರ ಬಗ್ಗೆ ಬರೆಯಬಹುದು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕರು ಒಪ್ಪಿದ ಇಂಥದ್ದೇ ಮಸೂದೆಯನ್ನು ಗವರ್ನರ್ ತಡೆದರು. 1923ರಲ್ಲಿ ಕೋರ್ಟಿನೊಳಗೆ ಬಂದಿದ್ದ ಜಾತಿ ನೂರು ವರ್ಷದ ಮೇಲೆ ನಗರಸಭೆಗೆ ಬಂದಿದೆ. ಎರಡನ್ನೂ ಮೂಲದಲ್ಲೇ ಓದಿದವರು ಬರೆದರೆ ಅದಕ್ಕೆ ಬೇರೆಯದೇ ಬಲ ಇರುತ್ತದೆ.

ಯೋಜನೆಯಲ್ಲಿ ಎಡವುವ ಜಾಗಗಳು

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದು ಮೆಥಡ್ಸ್ ಕೋರ್ಸನ್ನು. ಹೆಸರೇ ನೀರಸ, ಹಾಗಾಗಿ ಕೊನೆಗೆ ತಳ್ಳುತ್ತಾರೆ. ಹಳೆಯ ಪತ್ರಿಕೆಯನ್ನು ಹೇಗೆ ಓದಬೇಕು, ಫೋಟೋವನ್ನು ಸಾಕ್ಷಿಯಾಗಿ ಹೇಗೆ ಬಳಸಬೇಕು, ಒಬ್ಬ ಅಜ್ಜಿಯನ್ನು ಮಾತಾಡಿಸಿ ಅವರ ಬದುಕನ್ನು ಹೇಗೆ ದಾಖಲಿಸಬೇಕು, ಎಲ್ಲ ಹೇಳಿಕೊಡುವುದು ಅಲ್ಲೇ. ಎರಡನೇ ವರ್ಷದಲ್ಲೇ ಮುಗಿಸಿಕೊಳ್ಳಿ. ಥೀಸಿಸ್ ಬರೆಯುವಾಗ ಅದನ್ನು ಮೊದಲ ಸಲ ಕಲಿಯಲು ಕೂತರೆ ಕಷ್ಟ.

ಇನ್ನೊಂದು, ಮೇಲಿನ ಹಂತದ ಸೆಮಿನಾರುಗಳು ಪ್ರತಿ ವರ್ಷವೂ ಇರುವುದಿಲ್ಲ. ಹಲವು ಕಡೆ ವರ್ಷ ಬಿಟ್ಟು ವರ್ಷ ನಡೆಸುತ್ತಾರೆ. ಪಾಠ ಮಾಡುವವರು ರಜೆಯ ಮೇಲೆ ಹೋದರೆ ಅದೂ ಇಲ್ಲ. ಕ್ಯಾಟಲಾಗಿನಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ನೀವು ಇರುವಾಗ ಆ ಕೋರ್ಸು ಸಿಗುತ್ತದೆ ಅಂತಲ್ಲ. ಒಂದು ಕೋರ್ಸಿಗೆ ಮೊದಲು ಇನ್ನೊಂದು ಮುಗಿದಿರಬೇಕು ಅನ್ನುವ ನಿಯಮವೂ ಇರುತ್ತದೆ. ಹಿಂದಿನ ಎರಡು ಮೂರು ವರ್ಷ ನಿಜವಾಗಿ ಏನೇನು ನಡೆಯಿತು ಅನ್ನುವ ವೇಳಾಪಟ್ಟಿ ನೋಡಿ. ಕ್ಯಾಟಲಾಗಿಗಿಂತ ಅದನ್ನು ನಂಬಬಹುದು.

ಆರ್ಕೈವ್, ಅಂದರೆ ಹಳೆಯ ದಾಖಲೆಗಳ ಸಂಗ್ರಹ, ದೂರದ ಮಾತು ಅಂತ ಹೆದರಬೇಕಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕಾ'ದಲ್ಲಿ ಹಳೆಯ ಪತ್ರಿಕೆಗಳನ್ನು ಬಿಟ್ಟಿಯಾಗಿ ಓದಬಹುದು. ಸಿಯಾಟಲ್‌ನ ಪತ್ರಿಕೆಗಳೂ ಅದರಲ್ಲಿವೆ. ದಕ್ಷಿಣ ಏಷ್ಯಾದವರ ಕಾಗದ, ಫೋಟೋ, ಕರಪತ್ರಗಳನ್ನು 2008ರಲ್ಲಿ ಶುರುವಾದ 'ಸಾಡಾ' ಅನ್ನುವ ಡಿಜಿಟಲ್ ಆರ್ಕೈವ್ ಕೂಡಿಡುತ್ತಿದೆ. ಧಾರವಾಡದಲ್ಲಿ ಕೂತೂ ಇವನ್ನು ನೋಡಬಹುದು. ಅರ್ಜಿ ಹಾಕುವ ಮೊದಲು ಒಂದು ವಾರ ಇವುಗಳಲ್ಲಿ ಓಡಾಡಿ ಬನ್ನಿ. ಸಮಯ ಹೋದದ್ದೇ ಗೊತ್ತಾಗದಿದ್ದರೆ ಈ ಓದು ನಿಮಗೆ ಒಗ್ಗುತ್ತದೆ. ಬೇಜಾರಾದರೆ ಅದೂ ಈಗಲೇ ಗೊತ್ತಾಗುವುದು ಒಳ್ಳೆಯದು.

ದುಡ್ಡು, ವೀಸಾ, ಕೆಲಸ

ಭಾರತದಿಂದ ಹೋಗುವವರಿಗೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಡಿಗ್ರಿಯ ನಂತರ 12 ತಿಂಗಳು ಒಪಿಟಿ (ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್) ಅಡಿಯಲ್ಲಿ, ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡಲು ಅವಕಾಶ ಇದೆ. ವಿಜ್ಞಾನ, ತಂತ್ರಜ್ಞಾನದ ಡಿಗ್ರಿಗಳಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಅಮೆರಿಕನ್ ಸ್ಟಡೀಸ್ ಆ ಪಟ್ಟಿಯಲ್ಲಿ ಇಲ್ಲ. ಸಂಖ್ಯಾಶಾಸ್ತ್ರದಂಥ ವಿಷಯವನ್ನು ಎರಡನೇ ಮೇಜರ್ ಮಾಡಿಕೊಳ್ಳುವವರು ಇದ್ದಾರೆ. ಆಗ ಆ 24 ತಿಂಗಳ ದಾರಿ ತೆರೆಯಬಹುದು, ಆದರೆ ಮಾಡುವ ಕೆಲಸ ಆ ಎರಡನೇ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಬರೀ ವೀಸಾಕ್ಕಾಗಿ ಇಷ್ಟವಿಲ್ಲದ ಮೇಜರ್ ಹೊರುವುದು ಭಾರ. ಜನಗಣತಿ, ನಕ್ಷೆ, ಅಂಕಿಅಂಶ ನಿಮ್ಮ ಪ್ರಶ್ನೆಗೇ ಬೇಕಿದ್ದರೆ ಮಾತ್ರ ಅದು ಚೆನ್ನಾಗಿ ಕೂಡುತ್ತದೆ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹೊರದೇಶದವರ ವಿಷಯದಲ್ಲೂ ದುಡ್ಡಿನ ಸ್ಥಿತಿ ನೋಡದೆ ಸೀಟು ಕೊಟ್ಟು, ಆಮೇಲೆ ಕಡಿಮೆ ಬಿದ್ದದ್ದನ್ನು ತುಂಬಿಕೊಡುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೆ ಇಂಥ ನೆರವು ಸಾಮಾನ್ಯವಾಗಿ ಕಡಿಮೆ. ಈ ಡಿಗ್ರಿಗಾಗಿ ಮನೆ ಅಡವಿಟ್ಟು ಸಾಲ ಮಾಡಿ ಅಂತ ನಾನಂತೂ ಹೇಳುವುದಿಲ್ಲ. ಇಲ್ಲೇ ಇತಿಹಾಸದಲ್ಲೋ ಇಂಗ್ಲಿಷಿನಲ್ಲೋ ಒಳ್ಳೆಯ ಬಿ.ಎ. ಮಾಡಿ, ನೆರವು ಸಿಕ್ಕಾಗ ಮುಂದಿನ ಓದಿಗೆ ಹೋಗುವುದೂ ಗೌರವದ ದಾರಿಯೇ.

ಕೆಲಸದ ಮಾತು. ಮ್ಯೂಸಿಯಂ, ಆರ್ಕೈವ್, ಪತ್ರಿಕೆ, ಪ್ರಕಾಶನ, ಶಾಲೆ, ಸ್ವಯಂಸೇವಾ ಸಂಸ್ಥೆ, ಇವು ನೇರ ದಾರಿಗಳು. ಕಾನೂನು ಓದುವವರೂ ಇದ್ದಾರೆ. ಅಮೆರಿಕದ ಲಾ ಸ್ಕೂಲುಗಳು ಇಂಥದ್ದೇ ಬಿ.ಎ. ಆಗಿರಬೇಕು ಅಂತ ಕೇಳುವುದಿಲ್ಲ. ತೀರ್ಪುಗಳನ್ನು ಸಾಲುಸಾಲಾಗಿ ಓದಿ ಪಳಗಿದವರಿಗೆ ಅಲ್ಲಿ ಅನುಕೂಲವೂ ಇದೆ. ಆದರೆ ಡಿಗ್ರಿ ತಾನಾಗಿ ಕೆಲಸ ತಂದುಕೊಡುವುದಿಲ್ಲ. ಎರಡನೇ ವರ್ಷದ ಬೇಸಿಗೆಯಿಂದಲೇ ಇಂಟರ್ನ್‌ಶಿಪ್ ನೋಡಿಕೊಳ್ಳಬೇಕು. ವೀಸಾದಲ್ಲಿ ಇರುವವರು ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಅನುಮತಿಯ ಬಗ್ಗೆ ವಿಚಾರಿಸಲೇಬೇಕು.

ಎರಡು ಮೂರು ಕಾಲೇಜು ಮನಸ್ಸಿಗೆ ಬಂದ ಮೇಲೆ ಅಲ್ಲಿಯ ವಿಭಾಗದ ಅಡ್ವೈಸರ್‌ಗೆ ಒಂದು ಇಮೇಲ್ ಬರೆಯಿರಿ. ನಿಮ್ಮ ಪ್ರಶ್ನೆಯನ್ನು ನಾಲ್ಕೈದು ಸಾಲಿನಲ್ಲಿ ಹೇಳಿ. ಇದಕ್ಕೆ ಹತ್ತಿರದ ಕೋರ್ಸನ್ನು ಯಾರು ಪಾಠ ಮಾಡುತ್ತಾರೆ, ಅವರು ಮುಂದಿನ ಮೂರು ವರ್ಷ ಅಲ್ಲೇ ಇರುತ್ತಾರಾ, ಬೇರೆ ವಿಭಾಗದ ಎಷ್ಟು ಕೋರ್ಸುಗಳನ್ನು ಮೇಜರ್‌ಗೆ ಲೆಕ್ಕ ಹಿಡಿಯುತ್ತಾರೆ ಅಂತ ಕೇಳಿ. ಹೋದ ವರ್ಷದ ಥೀಸಿಸ್‌ಗಳ ಶೀರ್ಷಿಕೆಗಳನ್ನೂ ಕೇಳಿ ತರಿಸಿಕೊಳ್ಳಿ. ಆ ಶೀರ್ಷಿಕೆಗಳಲ್ಲಿ ಒಂದಾದರೂ ನೀವೇ ಬರೆಯಬೇಕಿತ್ತು ಅನ್ನಿಸುವಂತಿದ್ದರೆ ಆ ಕಾಲೇಜನ್ನು ಪಟ್ಟಿಯ ಮೇಲಕ್ಕೆ ಹಾಕಿ.